ಪದಚರ್ಚೆ: ‘ಹಾರ್ಡ್‌ಡಿಸ್ಕ್‌ನಿಂದ ಬೂಟ್ ಆಗುತ್ತಿಲ್ಲ’ ಅಂದರೆ ಯಾವ ಅರ್ಥ?

ಬಳಗದವರಿಗೆಲ್ಲ ನಮಸ್ಕಾರ.

ಬಾಗಲಕೋಟೆಯ ನವನಗರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಗಿರಾಕಿಗಳ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಬೂಟ್ ಆಗದಿದ್ದರೆ ಮನೆಯಲ್ಲೇ ಏನೇನು ನೋಡಬಹುದು ಅನ್ನೋದು ಅದರ ವಿಷಯ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಲಹೆ ಬೇಕು.

ತಲೆಬರಹ ಇದು: ‘ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್‌ನಿಂದ ಬೂಟ್ ಆಗುತ್ತಿಲ್ಲವೇ?’

ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್ ಶುರುವಾಗುತ್ತಿಲ್ಲ, ನಾನು ಹೇಳಬೇಕಾದ್ದು ಇಷ್ಟೇ. ಕಾರಣ ಯಾವುದಾದರೂ ಇರಬಹುದು. ಆದರೆ ಕರಡು ಓದಿದವರು ‘ಹಾರ್ಡ್‌ಡಿಸ್ಕ್ ಕೆಟ್ಟಿದ್ದರಿಂದ ಬೂಟ್ ಆಗುತ್ತಿಲ್ಲ’ ಅಂತ ತಿಳಿದುಕೊಂಡರು. ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ‘ಇಂದ’ ಎರಡೂ ಕೆಲಸ ಮಾಡುತ್ತದೆ. ‘ಇಳಕಲ್ಲಿನಿಂದ ಬಂದೆ’ ಅಂದಾಗ ಅದು ಹೊರಟ ಜಾಗ. ‘ಮಳೆಯಿಂದ ಬೆಳೆ ಹೋಯಿತು’ ಅಂದಾಗ ಕಾರಣ. ಮುಂದೆ ‘ಇಲ್ಲ’ ಬಂದರಂತೂ ಮನಸ್ಸು ಕಾರಣದ ಕಡೆಗೇ ವಾಲುತ್ತದೆ. ‘ಜ್ವರದಿಂದ ಊಟ ಸೇರುತ್ತಿಲ್ಲ’, ‘ನೋವಿನಿಂದ ನಿದ್ದೆ ಬರುತ್ತಿಲ್ಲ’ ಅನ್ನೋ ಸಾಲಿಗೇ ನನ್ನ ವಾಕ್ಯವೂ ಸೇರಿಬಿಡುತ್ತದೆ.

ಈ ಗೊಂದಲಕ್ಕೆ ಜನ ದುಡ್ಡು ಕಳೆದುಕೊಳ್ಳುತ್ತಾರೆ. ‘ಹಾರ್ಡ್‌ಡಿಸ್ಕ್ ಹೋಗೈತಿ, ಹೊಸಾದು ಹಾಕ್ರಿ’ ಅಂತಲೇ ಅಂಗಡಿಗೆ ಬರುತ್ತಾರೆ. ಬಿಚ್ಚಿ ನೋಡಿದರೆ ಡಿಸ್ಕ್ ಚೆನ್ನಾಗಿಯೇ ಇರುತ್ತದೆ.

ಒಳಗೆ ನಡೆಯುವುದನ್ನು ಹೇಳಿದರೆ ಪದದ ತೊಡಕು ಇನ್ನೂ ಚೆನ್ನಾಗಿ ಕಾಣುತ್ತದೆ. ಬಟನ್ ಒತ್ತಿದಾಗ ಮೊದಲು ಕೆಲಸ ಶುರು ಮಾಡೋದು ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಮೇಲಿನ ಚಿಪ್‌ನಲ್ಲಿರುವ ಬಯಾಸ್ ಅನ್ನೋ ಚಿಕ್ಕ ಪ್ರೋಗ್ರಾಂ. ಅದು ರ‍್ಯಾಮ್, ಪರದೆ, ಕೀಬೋರ್ಡ್ ಸರಿ ಇವೆಯಾ ಅಂತ ನೋಡಿಕೊಳ್ಳುತ್ತದೆ. ಆಮೇಲೆ ತನ್ನ ಪಟ್ಟಿಯ ಪ್ರಕಾರ ಡಿಸ್ಕ್, ಪೆನ್‌ಡ್ರೈವ್ ಒಂದೊಂದನ್ನೇ ಹುಡುಕುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್ ಓದಿ, ಬೂಟ್ ಮಾಡಬಹುದಾ ಅಂತ ತಿಳಿಯುತ್ತದೆ. ಯುಇಎಫ್ಐ (ಬಯಾಸ್‌ನ ಹೊಸ ರೂಪ) ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಡಿಸ್ಕಿನ ಒಂದು ಚಿಕ್ಕ ಪಾರ್ಟಿಷನ್‌ನಲ್ಲಿ, ಅಂದರೆ ಬೇರೆ ಮಾಡಿಟ್ಟ ಭಾಗದಲ್ಲಿ, ಇರುವ ಬೂಟ್ ಫೈಲ್ ಹುಡುಕುತ್ತದೆ. ಎಲ್ಲೂ ಸಿಗದಿದ್ದರೆ ‘ನೋ ಬೂಟೇಬಲ್ ಡಿವೈಸ್’ ಅಂತ ತೋರಿಸಿ ನಿಲ್ಲುತ್ತದೆ.

ಡಿಸ್ಕ್ ಸರಿಯಿದ್ದೂ ಹೀಗಾಗಲು ದಾರಿಗಳು ಬಹಳ. ಯಾವುದೋ ಪೆನ್‌ಡ್ರೈವ್ ತೆಗೆಯದೆ ಬಿಟ್ಟಿರಬಹುದು. ಮದರ್‌ಬೋರ್ಡಿನ 3 ವೋಲ್ಟಿನ ಚಿಕ್ಕ ಸೆಲ್ ಮುಗಿದು ಬಯಾಸ್ ಸೆಟ್ಟಿಂಗ್ ಬದಲಾಗಿರಬಹುದು. ಯುಇಎಫ್ಐನಲ್ಲಿ ಹಾಕಿದ ವಿಂಡೋಸ್ ಇದ್ದು, ಸೆಟ್ಟಿಂಗ್ ಲೆಗಸಿಗೆ, ಅಂದರೆ ಆ ಹಳೆಯ ಪದ್ಧತಿಗೆ, ಹೋಗಿದ್ದರೆ ಬೂಟ್ ಆಗೋದಿಲ್ಲ. ಅಪ್‌ಡೇಟ್ ನಡೆಯುವಾಗಲೇ ಬ್ಯಾಟರಿ ಖಾಲಿಯಾಗಿ ಬೂಟ್ ಫೈಲ್ ಕೆಟ್ಟಿರಬಹುದು. ಡಿಸ್ಕಿನ ಕೇಬಲ್ ಸಡಿಲ ಆಗಿರಬಹುದು. ಅದಕ್ಕೇ ಹಾಳೆಯ ಮೊದಲ ಸಾಲಿನಲ್ಲಿ ಪೆನ್‌ಡ್ರೈವ್ ತೆಗೆಯಿರಿ ಅಂತ ಬರೆದಿದ್ದೇನೆ. ಆಮೇಲೆ ಎಫ್2 ಇಲ್ಲವೇ ಡಿಲೀಟ್ ಒತ್ತಿ ಬಯಾಸ್ ಒಳಗೆ ಹೋಗಬೇಕು. ಕಂಪನಿಗೆ ತಕ್ಕಂತೆ ಕೀ ಬೇರೆ ಇರುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಾ ಅಂತ ನೋಡಬೇಕು. ಹೆಸರೇ ಇಲ್ಲದಿದ್ದರೆ ಡಿಸ್ಕ್, ಕೇಬಲ್, ಸಾಕೆಟ್ ಕಡೆ ಗಮನ ಕೊಡಬೇಕು. ಹೆಸರು ಕಂಡರೆ ಮೊದಲು ಸೆಟ್ಟಿಂಗ್ ಮತ್ತು ಬೂಟ್ ಫೈಲ್ ನೋಡಬೇಕು, ಡಿಸ್ಕ್ ಪರೀಕ್ಷೆ ಆಮೇಲೆ. ತಿರುಗುವ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಚಾಲೂ ಮಾಡಲೇಬಾರದು. ಫೈಲ್ ಉಳಿಸಿಕೊಳ್ಳೋದೇ ಆಗ ಮುಖ್ಯ.

ತಲೆಬರಹವೇ ಡಿಸ್ಕಿನ ಮೇಲೆ ತಪ್ಪು ಹೊರಿಸಿದರೆ ಇಷ್ಟನ್ನೆಲ್ಲ ಯಾರು ಓದುತ್ತಾರೆ, ಹೇಳಿ.

ಇನ್ನು ‘ಚಾಲೂ’. ನಮ್ಮ ಕಡೆ ಎಲ್ಲಕ್ಕೂ ‘ಚಾಲೂ ಆಗವಲ್ದು’ ಅಂತಾರೆ. ಲೈಟೇ ಹತ್ತದಿದ್ದರೂ ಅದೇ ಮಾತು, ಲೋಗೋ ಬಂದು ನಿಂತರೂ ಅದೇ ಮಾತು. ಬೆಂಗಳೂರು ಕಡೆಯ ‘ಆನ್ ಆಗ್ತಿಲ್ಲ’ ಕೂಡ ಹೀಗೇ ಅಲ್ವಾ? ಫೋನ್ ಬಂದಾಗ ‘ಲೈಟ್ ಹತ್ತೈತೇನ್ರಿ? ಲೋಗೋ ಬರ್ತೈತೇನ್ರಿ?’ ಅಂತ ಬಿಡಿಸಿ ಕೇಳಬೇಕಾಗುತ್ತದೆ. ಹಾಳೆಯಲ್ಲಿ ‘ಚಾಲೂ’ ಅನ್ನು ಕರೆಂಟ್ ಬಂದು ಲೈಟ್ ಹತ್ತೋದಕ್ಕೆ ಮಾತ್ರ ಇಟ್ಟಿದ್ದೇನೆ. ಅದರ ಮುಂದಿನದ್ದು ಬೂಟ್.

ಪರದೆಯ ಮೇಲೆ ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’ ಅಂತ ಬಂದರೆ ಜನ ‘ವಿಂಡೋಸ್ ಹೋಗೈತಿ’ ಅನ್ನುತ್ತಾರೆ. ‘ಸಿಗವಲ್ದು’ ಅಂದರೆ ಎಷ್ಟು ಸರಿಯಾಗಿ ಕೂಡುತ್ತದೆ ನೋಡಿ! ಹುಡುಕಿದೆ, ಸಿಗುತ್ತಿಲ್ಲ, ಅಲ್ಲೇ ಇದ್ದರೂ ಇರಬಹುದು. ‘ಹೋಗೈತಿ’ ಅಂದವರು ಮರುಕ್ಷಣ ‘ಹಂಗಾರ ಫಾರ್ಮ್ಯಾಟ್ ಮಾಡಿಕೊಡ್ರಿ’ ಅನ್ನುತ್ತಾರೆ. ಮದುವೆ ಫೋಟೋ, ಮಕ್ಕಳ ಪ್ರಾಜೆಕ್ಟ್ ಎಲ್ಲ ಅಳಿಸಿಹೋಗೋದು ಆಗ. ಬರಹಕ್ಕೆ ‘ಸಿಗುತ್ತಿಲ್ಲ’ ಅಂತ ಇಟ್ಟಿದ್ದೇನೆ. ‘ಕಾಣೆಯಾಗಿದೆ’ ಅಂತ ಯಾರೋ ಸೂಚಿಸಿದರು. ಅದರಲ್ಲೂ ಹೋದ ಅರ್ಥವೇ ಜಾಸ್ತಿ ಅನಿಸಿ ಬಿಟ್ಟೆ.

‘ಬೂಟ್’ ಬದಲು ‘ಏಳು’ ಬಳಸಬಹುದು ಅಂತ ಮೊದಲು ತುಂಬ ಆಸೆಯಿತ್ತು. ಮೂಲದ ಅರ್ಥಕ್ಕೂ ಅದು ಹತ್ತಿರ. ಕಾಲಿಗೆ ಹಾಕುವ ಬೂಟಿನ ಹಿಂಬದಿಯ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅನ್ನೋ ಇಂಗ್ಲಿಷ್ ಮಾತಿನಿಂದ ಬಂದದ್ದು ‘ಬೂಟ್‌ಸ್ಟ್ರಾಪ್’. ಅದೇ ಕಂಪ್ಯೂಟರಿನವರ ಬಾಯಲ್ಲಿ ‘ಬೂಟ್’ ಆಯಿತು. ಆದರೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿ ಏಳೋದು ಬೇರೆ ಕೆಲಸ. ಅದಕ್ಕೆ ‘ಏಳು’ ಬೇಕೇ ಬೇಕು. ಮೇಲಾಗಿ ಹಳೆಯ ಯಂತ್ರಗಳಲ್ಲಿ ವಿಂಡೋಸ್ 7 ಇನ್ನೂ ಇದೆ. ‘ವಿಂಡೋಸ್ ಏಳು ಏಳುತ್ತಿಲ್ಲ’ ಅಂತ ಬರೆದರೆ ಓದುವವರು ತಡವರಿಸುತ್ತಾರೆ. ಹಾಗಾಗಿ ‘ಬೂಟ್’ ಇರಲಿ ಅನ್ನೋದು ನನ್ನ ಅಭಿಪ್ರಾಯ. ಎರವಲು ಪದ ಯಾರಿಗೂ ತೊಂದರೆ ಕೊಟ್ಟಿಲ್ಲ. ತೊಂದರೆ ಕೊಟ್ಟದ್ದು ನಮ್ಮದೇ ‘ಇಂದ’.

ಈಗ ನನ್ನ ಪ್ರಶ್ನೆ. ‘ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್ ಬೂಟ್ ಆಗುತ್ತಿಲ್ಲವೇ?’ ಅಂತ ಬರೆದರೆ ಅನುಮಾನ ಪೂರ್ತಿ ಹೋಗುತ್ತದಾ? ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡವರಿಗೆ ಇದು ಒಪ್ಪೋದಿಲ್ಲ. ‘ಹಾರ್ಡ್‌ಡಿಸ್ಕ್ ಮೂಲಕ’ ಅಂದರೆ ಸರ್ಕಾರಿ ಪತ್ರದಂತೆ ಕೇಳುತ್ತದೆ. ‘ಇಂದ’ ಇಟ್ಟುಕೊಂಡೇ ಪದಗಳ ಜಾಗ ಬದಲಿಸಿದರೆ ಅರ್ಥ ಸರಿಹೋಗುವ ದಾರಿ ಇದೆಯಾ? ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ.

ಇನ್ನೊಂದು ಚಿಕ್ಕದು. ಬಯಾಸ್ ಹುಡುಕುವ ಪಟ್ಟಿಗೆ ‘ಬೂಟ್ ಪಾಳಿ’ ಅಂತ ಬರೆದಿದ್ದೇನೆ. ರೇಷನ್ ಅಂಗಡಿ ಮುಂದೆ ಪಾಳಿ ಹಚ್ಚುವ ನಮ್ಮವರಿಗೆ ಇದು ತಟ್ಟನೆ ತಿಳಿಯುತ್ತದೆ. ಮೈಸೂರು, ಮಂಗಳೂರು ಕಡೆಯವರಿಗೆ ‘ಪಾಳಿ’ ಅಂದರೆ ಕೆಲಸದ ಶಿಫ್ಟ್ ಮಾತ್ರವಾ? ಹಾಗಿದ್ದರೆ ‘ಸರದಿ’ ಅಂತಲೂ ಪಕ್ಕದಲ್ಲಿ ಸೇರಿಸುತ್ತೇನೆ. ಅಥಣಿ, ನಿಪ್ಪಾಣಿ ಕಡೆಯವರು ಏನನ್ನುತ್ತೀರಿ ಅನ್ನೋದನ್ನೂ ತಿಳಿಸಿ. ಅಲ್ಲಿಂದಲೂ ಗಿರಾಕಿಗಳ ಫೋನ್ ಬರುತ್ತದೆ.