ಪದಚರ್ಚೆ: ಸ್ಪೈನಾ ಬೈಫಿಡಾ ಇರುವವರ ‘ಡಿಪ್ರೆಷನ್’ಗೆ ಫಲಕದಲ್ಲಿ ಯಾವ ಪದ?

ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ತುರ್ತಾಗಿ ಬೇಕು, ನಾಳೆ ಬೆಳಿಗ್ಗೆ 10ಕ್ಕೆ ಫ್ಲೆಕ್ಸ್ ಮುದ್ರಣಕ್ಕೆ ಹೋಗುತ್ತದೆ. ಸ್ಪೈನಾ ಬೈಫಿಡಾ (ಹುಟ್ಟಿನಿಂದ ಬೆನ್ನೆಲುಬು ಪೂರ್ತಿ ಮುಚ್ಚದಿರುವ ಸ್ಥಿತಿ) ಇರುವ ಹದಿಹರೆಯದವರು ಮತ್ತು ಅವರ ಮನೆಯವರಿಗಾಗಿ ಶಿಬಿರ. ಈಗಿನ ಕರಡು: ‘ಬೆನ್ನುಹುರಿ ಸೀಳು ಪೀಡಿತ ವಿಕಲಚೇತನರ ಖಿನ್ನತೆ ಮತ್ತು ಮನೋಸ್ವಾಸ್ಥ್ಯ’. ಓದುವವರು ಹೆಚ್ಚಾಗಿ ತಾಯಂದಿರು, ಆಶಾ ಕಾರ್ಯಕರ್ತೆಯರು. ‘ಖಿನ್ನತೆ’ ಅವರಿಗೆ ಮುಟ್ಟುವುದಿಲ್ಲ. ‘ಮಂಕು’ ಎಂದು ಹಾಕಲೇ? ಒಂದು ಸಾಲಲ್ಲಿ ಹಿಡಿಸಬೇಕು.

ಬಳ್ಳಾರಿಯಿಂದ:
‘ಮನೋಸ್ವಾಸ್ಥ್ಯ’ ತಪ್ಪು. ಮನೋಬಲ, ಮನೋರೋಗ ಸರಿ. ಸಕಾರ ಎದುರಾದಾಗ ವಿಸರ್ಗ ಓಕಾರವಾಗದು. ‘ಮನಃಸ್ವಾಸ್ಥ್ಯ’ ಎನ್ನಿ.

‘ಖಿನ್ನತೆ’ಯನ್ನು ಬಿಡಬೇಡಿ. ಖಿದ್ ಧಾತುವಿಗೆ ಅದುಮು, ಒತ್ತು ಎಂಬ ಅರ್ಥವಿದೆ. ಇಂಗ್ಲಿಷ್ ಪದದ ಲ್ಯಾಟಿನ್ ಮೂಲದಲ್ಲೂ ಕೆಳಗೆ ಒತ್ತುವುದೇ ಇದೆ. ಇಷ್ಟು ಹೊಂದುವ ಪದ ಕೈಯಲ್ಲಿರುವಾಗ ‘ಮಂಕು’ ಏಕೆ?

ಇನ್ನು ‘ವಿಕಲಚೇತನ’. ಬಹುವ್ರೀಹಿಯಾಗಿ ಬಿಡಿಸಿ ನೋಡಿ: ಯಾರ ಚೇತನ ಊನವೋ ಅವರು. ಇಲಾಖೆಯ ಹೆಸರಿನಲ್ಲಿ ರೂಢಿಯಾಗಿದೆ, ಅದು ಬೇರೆ ಮಾತು. ಮನಸ್ಸಿನ ವಿಷಯದ ಫಲಕದಲ್ಲಿ ಅದನ್ನು ಬರೆದರೆ ಕಾಲಿನಲ್ಲಿ ಬಲವಿಲ್ಲದವರ ಚೇತನವೇ ಊನ ಎಂದಂತಾಗುತ್ತದೆ. ತೆಗೆಯಿರಿ.

ರಾಯಚೂರಿನಿಂದ:
ಸಂಸ್ಕೃತದ ಧಾತು ತಿಳಿದು ಆ ತಾಯಿಗೆ ಏನಾಗಬೇಕು? ‘ಮನಗುಗ್ಗು’ (ಮನ + ಕುಗ್ಗು) ಎನ್ನಿ. ಮನ ತದ್ಭವ, ಸಂಸ್ಕೃತ, ಕನ್ನಡ ಬೆರೆಸುವ ಅರಿಸಮಾಸದ ತಕರಾರಿಲ್ಲ. ಮಳೆಗಾಲದಂತೆ ಕಕಾರಕ್ಕೆ ಗಕಾರ ಬಂದಿದೆ. ಸ್ಪೈನಾ ಬೈಫಿಡಾಗೆ ‘ಸೀಳುಬೆನ್ನು’. ‘ಸೀಳುತುಟಿ’ ಆಗಲೇ ಬಳಕೆಯಲ್ಲಿದೆ. ‘ಮನೋಸ್ವಾಸ್ಥ್ಯ’ಕ್ಕೆ, ಅಂದರೆ ವೆಲ್‌ಬೀಯಿಂಗ್‌ಗೆ ‘ನೆಮ್ಮದಿ’. ಮುಗಿಯಿತು.

ಬಳ್ಳಾರಿಯಿಂದಲೇ ಇನ್ನೊಬ್ಬರು, ಪುನರ್ವಸತಿ ಕೈಪಿಡಿಗಳ ಅನುವಾದಕಿ:
ಮುಗಿದಿಲ್ಲ ಸರ್. ಮೊದಲು ‘ಮಂಕು’. ಅದನ್ನು ಹಾಕಲೇಬೇಡಿ, ಇಲ್ಲಿ ಅದು ಅಪಾಯದ ಪದ. ಸ್ಪೈನಾ ಬೈಫಿಡಾ ಇರುವ ಬಹಳ ಮಕ್ಕಳಿಗೆ ತಲೆಯಲ್ಲಿ ನೀರು ತುಂಬುತ್ತದೆ, ಅದನ್ನು ಹೊಟ್ಟೆಗೆ ಇಳಿಸಲು ಶಂಟ್ ಕೂಡಿಸಿರುತ್ತಾರೆ. ಆ ನಳಿಕೆ ಕಟ್ಟಿಕೊಂಡರೆ ತಲೆನೋವು, ವಾಂತಿ, ಜೋಂಪು, ಸಿಡಿಮಿಡಿ, ಓದಿನಲ್ಲಿ ಹಿಂದೆ ಬೀಳುವುದು. ಮನೆಯವರು ಇದಕ್ಕೇ ‘ಹುಡುಗ ಮಂಕ ಆಗ್ಯಾನ’ ಅನ್ನುವುದು. ಫಲಕದಲ್ಲಿ ಮಂಕು ಎಂದರೆ ಮನಸ್ಸಿನ ತೊಂದರೆ ಎಂದು ಬರೆದರೆ, ಅದೇ ದಿನ ನರಶಸ್ತ್ರಚಿಕಿತ್ಸಕರ ಬಳಿ ಹೋಗಬೇಕಾದ ಮಗು ಆಪ್ತಸಮಾಲೋಚನೆಯ ಸಾಲಿನಲ್ಲಿ ಕುಳಿತಿರುತ್ತದೆ.

‘ಬೆನ್ನುಹುರಿ ಸೀಳು’ ಕೂಡ ಸರಿಯಲ್ಲ. ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಬೇಕಾದ ನರನಾಳ (ಮುಂದೆ ಮಿದುಳು, ಬೆನ್ನುಹುರಿಯಾಗಿ ಬೆಳೆಯುವುದು) ಪೂರ್ತಿ ಮುಚ್ಚುವುದಿಲ್ಲ, ಅದರ ಮೇಲಿನ ಬೆನ್ನೆಲುಬಿನ ಕಮಾನು ತೆರೆದೇ ಉಳಿಯುತ್ತದೆ. ಹುರಿಯೇ ಎರಡಾಗಿ ಸೀಳುವುದು ಬೇರೆ ಸ್ಥಿತಿ. ‘ಸೀಳುಬೆನ್ನು’ ರಚನೆ ಚೆನ್ನಾಗಿದೆ, ಒಪ್ಪಿದೆ. ಆದರೆ ಆಸ್ಪತ್ರೆಯ ಚೀಟಿಯಲ್ಲಿ ಇರುವುದು ಸ್ಪೈನಾ ಬೈಫಿಡಾ. ತಾಯಿ ಗುರುತು ಹಿಡಿಯುವುದು ಅದನ್ನೇ. ಮೇಲೆ ಆ ಪದ, ಕೆಳಗೆ ಸಣ್ಣಕ್ಷರದಲ್ಲಿ ವಿವರಣೆ ಇಡಿ. ‘ಪೀಡಿತ’ ಬೇಡ, ‘ಸ್ಪೈನಾ ಬೈಫಿಡಾದೊಂದಿಗೆ ಬದುಕುತ್ತಿರುವ’ ಎಂಬ ಇಂಗ್ಲಿಷ್ ನೆರಳೂ ಬೇಡ. ‘ಇರುವವರು’ ಸಾಕು.

ಡಿಪ್ರೆಷನ್‌ಗೆ ಒಂದೇ ಪದದಿಂದ ಆಗುವುದಿಲ್ಲ, ಲಕ್ಷಣ ಹೇಳಬೇಕು. ಅದರಲ್ಲೂ ಎಚ್ಚರ. ಸಾಮಾನ್ಯವಾಗಿ ಬಳಸುವ 9 ಪ್ರಶ್ನೆಗಳ ಪಟ್ಟಿಯಲ್ಲಿ ನಿದ್ದೆ, ಸುಸ್ತು, ಹಸಿವು, ಚಲನೆ ನಿಧಾನವಾಗುವುದು ಇವೆಲ್ಲ ಬರುತ್ತವೆ. ರಾತ್ರಿ ಕ್ಯಾಥೆಟರ್‌ಗೆ (ಮೂತ್ರ ತೆಗೆಯುವ ನಳಿಕೆಗೆ) ಏಳುವವರ ನಿದ್ದೆ ಹೇಗೂ ಕೆಡುತ್ತದೆ. ಮಲಬದ್ಧತೆಯಿಂದ ಹಸಿವು ಕಡಿಮೆಯಾಗುತ್ತದೆ. ಗಾಲಿಕುರ್ಚಿಯಲ್ಲಿರುವವರಿಗೆ ‘ನಿಧಾನ’ ಎಂಬ ಪ್ರಶ್ನೆಗೆ ಅರ್ಥವೇ ಬೇರೆ. ಹಾಗಾಗಿ ಇವನ್ನು ಒತ್ತಿ ಬರೆಯಿರಿ: ಎರಡು ವಾರಕ್ಕೂ ಮೀರಿ, ದಿನದ ಬಹುಹೊತ್ತು, ಹಿಂದೆ ಇಷ್ಟವಿದ್ದ ಯಾವುದೂ ಬೇಡವಾಗುವುದು; ‘ನಾನು ಮನೆಗೆ ಭಾರ’ ಅನ್ನುವುದು; ಸಾವಿನ ಮಾತು. ಇನ್ನೊಂದು ಕುರುಹು ಯಾವ ಪಟ್ಟಿಯಲ್ಲೂ ಸಿಗದು: 3–4 ಗಂಟೆಗೊಮ್ಮೆ ತಾನೇ ಕ್ಯಾಥೆಟರ್ ಹಾಕಿಕೊಳ್ಳುತ್ತಿದ್ದವರು ಬಿಟ್ಟುಬಿಡುವುದು, ಕೂರುವ ಭಾಗದ ಚರ್ಮ ನೋಡಿಕೊಳ್ಳದಿರುವುದು. ಅದನ್ನು ಸೋಮಾರಿತನ ಅನ್ನುತ್ತಾರೆ. ಮೂತ್ರದ ಸೋಂಕು, ಮೂತ್ರಪಿಂಡಕ್ಕೆ ಪೆಟ್ಟು, ಒತ್ತಡದ ಹುಣ್ಣು, ಎಲ್ಲ ಅಲ್ಲಿಂದ ಶುರು. ಕೆಲಸ ಶುರುಮಾಡುವುದು, ಒಂದಾದ ಮೇಲೊಂದು ಜೋಡಿಸಿಕೊಳ್ಳುವುದು ಈ ಮಕ್ಕಳಲ್ಲಿ ಹಲವರಿಗೆ ಮೊದಲಿಂದಲೂ ಕಷ್ಟ. ಹೊಸದಾಗಿ ಬಿಟ್ಟಿದ್ದೇ ಎಂದು ಕೇಳಿ ತಿಳಿಯಬೇಕು.

ರಾಯಚೂರಿನಿಂದ:
ಶಂಟಿನ ಮಾತು ಒಪ್ಪಿದೆ, ಮಂಕು ಬೇಡ. ಆದರೆ ಚೀಟಿಯಲ್ಲಿದೆ ಎಂದು ಇಂಗ್ಲಿಷ್ ಪದ ಉಳಿಸುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿಪ್ರತ್ಯಯ ಮಾತ್ರ.

ಗಂಗಾವತಿಯಿಂದ:
ಸರ್, 1948ರವರೆಗೆ ನಿಜಾಮರ ಕೈಯಲ್ಲಿದ್ದ ಸೀಮೆ ನಮ್ಮದು. ದವಾಖಾನೆ ನಮ್ಮದೇ ಪದ. ‘ಬೇಜಾರು’ ಫಾರಸಿಯಿಂದ ಬಂದದ್ದು, ಅದಿಲ್ಲದೆ ಇಲ್ಲಿ ಯಾರ ಮನಸ್ಸೂ ಮಾತಾಡುವುದಿಲ್ಲ. ‘ಜೀವಕ್ಕ ಬ್ಯಾಸರ ಆಗೇತಿ’, ‘ಮನಸಿಗೆ ಹಚ್ಚಿಕೊಂಡಾಳ’: ತಾಯಿ ಆಡುವ ಮಾತು ಇವು. ಮನಗುಗ್ಗು ಯಾರ ಬಾಯಲ್ಲೂ ಕೇಳಿಲ್ಲ.

ಬಳ್ಳಾರಿಯಿಂದ:
ಬೇಜಾರು ಬೆಳಿಗ್ಗೆ ಬಂದು ಸಂಜೆ ಹೋಗುತ್ತದೆ. ರೋಗಕ್ಕೆ ಅದರ ಹೆಸರಿಟ್ಟರೆ ಯಾರೂ ವೈದ್ಯರ ಬಳಿ ಹೋಗರು.

ಅನುವಾದಕಿ:
ಅದಕ್ಕೇ ಎರಡೂ ಇರಲಿ: ‘ಬಿಡದ ಬೇಸರ, ಖಿನ್ನತೆ’. ‘ಬಿಡದ’ ಎಂಬಲ್ಲಿ ಎರಡು ವಾರದ ಅರ್ಥ ಬಂತು. ‘ಕುಗ್ಗು’ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ: ಈ ಮಕ್ಕಳಲ್ಲಿ ಬಹಳ ಮಂದಿ ಗಿಡ್ಡ ಇರುತ್ತಾರೆ, ಬೆನ್ನು ಬಾಗಿರುತ್ತದೆ. ಅವರ ಮುಂದೆ ಆ ಪದ ನೇತುಹಾಕಬಾರದು.

ಕರಪತ್ರಕ್ಕೆ ಒಂದು ಸಾಲು ಸೇರಿಸಿ: ‘ಮನಸ್ಸಿನ ಮಾತ್ರೆ ಬರೆಸಿಕೊಳ್ಳುವಾಗ ಮೂತ್ರಚೀಲದ ಮಾತ್ರೆಯನ್ನೂ ವೈದ್ಯರಿಗೆ ತೋರಿಸಿ’. ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಮಾತ್ರೆಗಳು ಮೂತ್ರ ಕಟ್ಟಿಸುತ್ತವೆ, ಮಲಬದ್ಧತೆ ಹೆಚ್ಚಿಸುತ್ತವೆ. ಮೂತ್ರಚೀಲದ ಮಾತ್ರೆ ಆಕ್ಸಿಬ್ಯುಟಿನಿನ್ ಜೊತೆ ಸೇರಿದರೆ ಇನ್ನೂ ಹೆಚ್ಚು.

ಕೊಪ್ಪಳದಿಂದ:
ಹೀಗೆ ಕಳಿಸುತ್ತಿದ್ದೇನೆ: ‘ಸ್ಪೈನಾ ಬೈಫಿಡಾ ಇರುವವರ ಮನಸ್ಸಿನ ನೆಮ್ಮದಿ: ಬಿಡದ ಬೇಸರ, ಖಿನ್ನತೆ ಗುರುತಿಸೋಣ’. ಕೆಳಗೆ ‘ಹುಟ್ಟಿನಿಂದ ಬೆನ್ನೆಲುಬು ಪೂರ್ತಿ ಮುಚ್ಚದಿರುವ ಸ್ಥಿತಿ’. ಆಮೇಲೆ ಶಂಟಿನ ಎಚ್ಚರಿಕೆ, ಪಕ್ಕದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ರಾಯಚೂರಿನಿಂದ:
ನೆಮ್ಮದಿ ಉಳಿಯಿತಲ್ಲ. ಸೀಳುಬೆನ್ನಿನ ಮಾತು ನಾನು ಬಿಟ್ಟಿಲ್ಲ.

ಅನುವಾದಕಿ:
14416 ಅಲ್ಲಿ ಬೇಡ, ಖಿನ್ನತೆಯ ಲಕ್ಷಣಗಳ ಕೆಳಗೆ ಹಾಕಿ. ಶಂಟಿನ ಸಾಲು ಕೆಂಪಕ್ಷರದಲ್ಲಿ ಬೇರೆಯೇ ಇರಲಿ: ‘ತಲೆನೋವು, ವಾಂತಿ, ಜೋಂಪು ಇದ್ದರೆ ತಡಮಾಡದೆ ಆಸ್ಪತ್ರೆಗೆ’. ವಾಂತಿ ಮಾಡುತ್ತಿರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಸಹಾಯವಾಣಿಗೆ ಕರೆ ಮಾಡುತ್ತಾ ಹೊತ್ತು ಕಳೆಯಬಾರದು.