ಅಪ್‌ಡೇಟ್: ಪೋರ್ಟಿಂದ ಮಾಲು ಬಂತು, ದುಡ್ಡು ಮಾತ್ರ ಬೇರೆ ಕಡೆ ಹೋಯ್ತು

ಹೋದ ಸಲ ಕೇಳಿದ್ನಲ್ಲ, ಪೋರ್ಟಿಗೆ ಬಂದಿರೋ 20 ಅಡಿ ಕಂಟೇನರ್‌ನ ಹಾಗೇ ಟ್ರೈಲರ್ ಮೇಲೆ ಒಳನಾಡಿನ ಗೋಡೌನಿಗೆ ತರಿಸ್ಲಾ, ಇಲ್ಲಾ ಪೋರ್ಟ್ ಹತ್ರಾನೇ ಬಿಚ್ಚಿಸಿ ಲಾರಿಗೆ ತುಂಬಿಸ್ಲಾ ಅಂತ. ಕೊನೆಗೆ ಅಲ್ಲೇ ಬಿಚ್ಚಿಸಿ ಲಾರಿಗೇ ಹಾಕ್ಸಿದೆ. ನೀವೆಲ್ಲಾ ಹೇಳಿದ್ದು ನಿಜ, ಕಂಟೇನರ್ ತಂದ್ರೆ ಖಾಲಿ ಡಬ್ಬಾ ವಾಪಸ್ ಕಳಿಸೋ ಬಾಡಿಗೇನೂ ನಮ್ ತಲೆ ಮೇಲೇ, ಅದು ಲೇಟಾದ್ರೆ ಶಿಪ್ಪಿಂಗ್ ಲೈನಿಗೆ ಡಿಟೆನ್ಷನ್ (ಡಬ್ಬಾ ತಡವಾಗಿ ಕೊಟ್ಟಿದ್ದಕ್ಕೆ ಕಟ್ಟೋ ಚಾರ್ಜು) ಬೇರೆ, ಲಾರಿ ಆದ್ರೆ ಮಾಲು ಇಳಿಸಿದ್ಮೇಲೆ ಅವನ ದಾರಿ ಅವನಿಗೆ, ವಾಪಸ್ ಲೋಡ್ ಅವನೇ ಹುಡುಕ್ಕೋತಾನೆ.

ನಾನು ಎಡವಿದ್ದು ಡೆಮರೇಜಲ್ಲಿ, ಅಂದ್ರೆ ಡಬ್ಬಾ ಪೋರ್ಟಲ್ಲೇ ಜಾಸ್ತಿ ದಿನ ಉಳಿದ್ರೆ ಬೀಳೋ ಚಾರ್ಜಲ್ಲಿ. ಫ್ರೀ ಡೇಸ್ (ಆ ಚಾರ್ಜ್ ಇಲ್ದೇ ಬಿಡೋ ದಿನಗಳು) ಅಂದ್ರೆ ಪೇಪರ್ ಕ್ಲಿಯರ್ ಆದ ದಿನದಿಂದ ಲೆಕ್ಕ ಅನ್ಕೊಂಡಿದ್ದೆ, ನೋಡಿದ್ರೆ ಡಬ್ಬಾ ಹಡಗಿಂದ ಇಳಿದಾಗ್ಲೇ ಮೀಟರ್ ಶುರುವಾಗಿತ್ತು, ಮಧ್ಯೆ ಬಂದ ರಜಾನೂ ಸೇರಿಸಿ! ಏಜೆಂಟ್ ಒಂದು ಮಾತು ಹೇಳ್ಬಾರ್ದಿತ್ತಾ? ಕೇಳ್ದೇ ಇದ್ದಿದ್ದು ನನ್ ತಪ್ಪೂ ಹೌದು ಬಿಡಿ.

ಎರಡೆರಡು ಸಲ ಹತ್ತಿಸಿ ಇಳಿಸಿದ್ರಲ್ಲಿ ನಾಲ್ಕು ಬಾಕ್ಸ್ ಜಜ್ಜೋಗಿವೆ. ಎಲ್‌ಆರ್ (ಲಾರಿಯವ್ರು ಕೊಡೋ ರಸೀದಿ) ಮೇಲೇ ಬರ್ದು ಡ್ರೈವರಣ್ಣನ ಸೈನ್ ಹಾಕಿಸ್ಕೊಂಡೆ, ಫೋಟೋನೂ ಇದೆ. ಇನ್ಶೂರೆನ್ಸ್‌ನೋರಿಗೆ ಕ್ಲೈಮ್ ಹಾಕಿದೀನಿ, ಇನ್ನೂ ಉತ್ರ ಇಲ್ಲ.