ಓದುಗರ ಸ್ಪಂದನ: ‘ಮನೆ ಮಗಳು’ ಅಂತಾರೆ, ಬಿಡುವು ಮಾತ್ರ ಇಲ್ಲ

ಕಳೆದ ಸಂಚಿಕೆಯಲ್ಲಿ ಸಮಸ್ಯೆ ಹೇಳಿಕೊಂಡಿದ್ದ ಓದುಗಿ ಹಾಸನದ ಕಡೆಯವರು, ವಯಸ್ಸು 23. ಜರ್ಮನಿಯ ಸ್ಟಟ್‌ಗಾರ್ಟ್ ಹತ್ತಿರದ ಊರೊಂದರಲ್ಲಿ ಓ ಪೇರ್ ಆಗಿದ್ದಾರೆ. ಒಂದು ಕುಟುಂಬದ ಜೊತೆಗಿದ್ದು, ಅವರ ಮಕ್ಕಳನ್ನು ನೋಡಿಕೊಳ್ಳುವುದು. ಊಟ, ಕೋಣೆ, ಕೈಖರ್ಚಿನ ಹಣ ಕುಟುಂಬದ್ದು. ಬಿಡುವಿನಲ್ಲಿ ಅಲ್ಲಿನ ಭಾಷೆ ಕಲಿಯಬೇಕು. ಕಾಗದದ ಮೇಲೆ ಹೀಗಿದೆ. ಆದರೆ ಅವರ ದಿನ ಬೆಳಿಗ್ಗೆ ಆರೂವರೆಗೆ ಮಕ್ಕಳ ಬುತ್ತಿ ಡಬ್ಬಿಯಿಂದ ಶುರುವಾಗಿ ರಾತ್ರಿ ಮಕ್ಕಳು ಮಲಗುವವರೆಗೂ ನಡೆಯುತ್ತದೆ. ನಡುವೆ ಇಡೀ ಮನೆಯ ಇಸ್ತ್ರಿ, ಬಚ್ಚಲು. ಶನಿವಾರ ಆ ಮಕ್ಕಳ ಅಜ್ಜಿಯ ಮನೆ ಒರೆಸುವ ಕೆಲಸ. ಜರ್ಮನ್ ತರಗತಿ ತಪ್ಪುತ್ತಲೇ ಇದೆ. ಮನೆಯೊಡತಿ ಕೆಟ್ಟವರಲ್ಲ, ಚಳಿಗೆ ಒಳ್ಳೆಯ ಕೋಟು ಕೊಡಿಸಿದ್ದಾರೆ, ‘ನೀನು ನಮ್ಮ ಮನೆ ಮಗಳು’ ಅನ್ನುತ್ತಾರೆ. ಮೂರು ವರ್ಷದ ಪುಟ್ಟ ಹುಡುಗಿ ಇವರಿಲ್ಲದೆ ಮಲಗಲ್ಲ. ಹೋಗುವಾಗ ಅಪ್ಪ ಸಾಲ ಮಾಡಿದ್ದರು. ‘ಇನ್ನು ನಾಲ್ಕು ತಿಂಗಳು. ಸಹಿಸಿಕೊಳ್ಳಲೇ? ಮಾತಾಡಲೇ? ಮಾತಾಡಿದರೆ ವೀಸಾ ಹೋಗುತ್ತಾ? ಇಲ್ಲಾ ಸುಮ್ನೆ ಊರಿಗೆ ಬಂದುಬಿಡಲೇ?’ ಇದು ಅವರ ಪ್ರಶ್ನೆ.

ತುಂಬಾ ಪತ್ರಗಳು ಬಂದಿವೆ. ಇದೇ ಕೆಲಸ ಮಾಡಿದವರ ಪತ್ರ ಮೊದಲು.

*

ತಂಗೀ, ಮೊದಲು ನಿನ್ನ ಒಪ್ಪಂದದ ಕಾಗದ ತೆಗೆದು ಮುಂದಿಟ್ಟುಕೋ. ಜರ್ಮನಿಯಲ್ಲಿ ಓ ಪೇರ್ ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲಸ ಮಾಡಬೇಕಾಗಿಲ್ಲ. ದಿನಕ್ಕೆ 6 ಗಂಟೆ. ರಾತ್ರಿ ಅವರು ಹೊರಗೆ ಹೋದಾಗ ಮಕ್ಕಳನ್ನು ಕಾಯುವುದೂ ಈ ಲೆಕ್ಕದಲ್ಲೇ ಬರುತ್ತೆ. ವಾರದಲ್ಲಿ ಒಂದೂವರೆ ದಿನ ಪೂರ್ತಿ ರಜೆ, ತಿಂಗಳಲ್ಲಿ ಒಂದು ಭಾನುವಾರವಾದರೂ ನಿನ್ನದು, ವಾರಕ್ಕೆ ನಾಲ್ಕು ಸಂಜೆ ಬಿಡುವು. ತಿಂಗಳಿಗೆ 280 ಯೂರೋ ಕೈಖರ್ಚು. ಅದಲ್ಲದೆ ಭಾಷೆಯ ಕೋರ್ಸಿಗೆ ತಿಂಗಳಿಗೆ 70 ಯೂರೋವರೆಗೆ ಅವರೇ ಕೊಡಬೇಕು. ಕಾಯಿಲೆ, ಅಪಘಾತದ ವಿಮೆಯೂ ಅವರದೇ. ಒಂದು ವರ್ಷಕ್ಕೆ ನಾಲ್ಕು ವಾರ ರಜೆ. ಮಕ್ಕಳ ಬಟ್ಟೆ ಒಗೆಯೋದು, ಸಣ್ಣಪುಟ್ಟ ಅಡುಗೆ, ಪಾತ್ರೆ ಎತ್ತಿಡೋದು ಸರಿ. ಅಜ್ಜಿಯ ಮನೆ ಒರೆಸೋದು ನಿನ್ನ ಕೆಲಸವೇ ಅಲ್ಲ.

ವೀಸಾ ಭಯಕ್ಕೆ ಉತ್ತರ. ಮನೆ ಬದಲಾಯಿಸಬಹುದು. ಅದು ಕಳ್ಳತನ ಅಲ್ಲ, ವ್ಯವಸ್ಥೆಯಲ್ಲೇ ಇರುವ ದಾರಿ. ಸಾಮಾನ್ಯವಾಗಿ ಎರಡು ವಾರ ಮುಂಚೆ ಬರೆದು ತಿಳಿಸುವ ಷರತ್ತು ಒಪ್ಪಂದದಲ್ಲಿ ಇರುತ್ತೆ. ಹೊಸ ಮನೆಯಲ್ಲಿ ಕೆಲಸ ಶುರು ಮಾಡುವ ಮುಂಚೆ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಕಚೇರಿಗೆ, ತಿಳಿಸಿ ನಿನ್ನ ಕಾಗದ ಸರಿ ಮಾಡಿಸಿಕೋ. ಎಲ್ಲ ಸೇರಿ ಒಂದು ವರ್ಷ ದಾಟೋ ಹಾಗಿಲ್ಲ, ಅಷ್ಟೇ.

ಒಬ್ಬಳೇ ಒದ್ದಾಡಬೇಡ. ನಿನ್ನನ್ನು ಕಳಿಸಿದ ಏಜೆನ್ಸಿ ಫೋನ್ ಎತ್ತದಿದ್ದರೆ ಇನ್ ವಿಯಾ (IN VIA), ಫೌ ಇ ಯೊಟ್ (VIJ) ಎಂಬ ಎರಡು ಸಂಸ್ಥೆಗಳಿವೆ, ಓ ಪೇರ್ ಹುಡುಗಿಯರಿಗೆ ಸಲಹೆ ಕೊಡುತ್ತವೆ. ಯಾರಾದರೂ ಮೈಮೇಲೆ ಕೈ ಮಾಡಿದರೆ, ಹೆದರಿಸಿದರೆ 116 016 ಸಹಾಯವಾಣಿಗೆ ಫೋನ್ ಮಾಡು. ಹಗಲೂ ರಾತ್ರಿ ಎತ್ತುತ್ತಾರೆ, ದುಡ್ಡು ಬೇಡ, ಜರ್ಮನ್ ಬರದಿದ್ದರೂ ನಡೆಯುತ್ತೆ.

— ಬ್ರೆಮೆನ್‌ನಲ್ಲಿ ಓ ಪೇರ್ ಆಗಿದ್ದವಳು, ಧಾರವಾಡ

*

ಕೆಲಸ ಅಂದಮೇಲೆ ಕಷ್ಟ ಇದ್ದೇ ಇರುತ್ತದೆ. ಹೊತ್ತು ಹೊತ್ತಿಗೆ ಊಟ, ಬೆಚ್ಚಗಿನ ಕೋಣೆ ಸಿಕ್ಕಿದೆ. ಸಾಲ ಮಾಡಿ ಕಳಿಸಿದ ತಂದೆಯ ಮುಖ ನೆನೆದು ನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡು ಮುಗಿಸಿ ಬನ್ನಿ. ನಮ್ಮ ಕಾಲದಲ್ಲಿ ಗಂಟೆ ಎಣಿಸುತ್ತಿರಲಿಲ್ಲ.

— ನಿವೃತ್ತ ಮುಖ್ಯೋಪಾಧ್ಯಾಯರು, ದಾವಣಗೆರೆ

*

ಹಲ್ಲು ಕಚ್ಚಿಕೊಳ್ಳಿ ಎಂದು ಇನ್ನೂ ಕೆಲವು ಹಿರಿಯರು ಬರೆದಿದ್ದಾರೆ. ಮುಂದಿನ ಪತ್ರ, ಹಾಗೆ ಕಚ್ಚಿಕೊಂಡಿದ್ದವರದು. ಉದ್ದವಾಗಿದೆ. ಒಂದು ಸಾಲನ್ನೂ ಕತ್ತರಿಸಿಲ್ಲ.

*

ಆ ಪತ್ರ ಓದಿದ ಮೇಲೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ನಾನು ವಿಮಾನ ಹತ್ತಿದವಳಲ್ಲ. ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದವಳು. ಆದರೆ ಆ ಹುಡುಗಿ ಇರುವ ಮನೆ ನನಗೆ ಗೊತ್ತು.

ಎಸ್ಸೆಸ್ಸೆಲ್ಸಿ ಪಾಸಾದಾಗ ಚಿಕ್ಕಪ್ಪ ಊರಿಗೆ ಬಂದಿದ್ದರು. ‘ಕಳಿಸಿಕೊಡು ಅಣ್ಣ, ರಾಜಾಜಿನಗರದಲ್ಲಿ ಕಾಲೇಜು ನಮ್ಮನೆ ಹತ್ರಾನೇ ಇದೆ. ಮನೆ ಮಗಳ ಹಾಗೆ ಇರ್ತಾಳೆ’ ಅಂದರು. ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ನನಗೂ ಖುಷಿಯೇ. ನಮ್ಮ ಬೀದಿಯಿಂದ ಪಿಯುಸಿಗೆ ಬೆಂಗಳೂರಿಗೆ ಹೊರಟ ಮೊದಲ ಹುಡುಗಿ ನಾನು.

ಚಿಕ್ಕಮ್ಮನಿಗೆ ಆಗ ಕೈಗೂಸು. ಅವರು ಕೆಲಸಕ್ಕೆ ಹೋಗುತ್ತಿದ್ದರು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬಂದರೆ ಎದ್ದು ಡ್ರಮ್ ತುಂಬಿಸೋದು ನಾನು. ಮಗುವಿನ ಬಟ್ಟೆ ಒಗೆಯೋದು ನಾನು. ದೋಸೆಗೆ ರುಬ್ಬೋದು ನಾನು. ಯಾರೂ ಗದರಿಸಿ ಮಾಡಿಸಲಿಲ್ಲ. ಮನೆ ಮಗಳು ಅಂದಮೇಲೆ ಹೇಳಬೇಕಾ, ತಾನಾಗೇ ಮಾಡ್ತಾಳೆ ಅಲ್ವಾ?

ಇಂಗ್ಲಿಷ್ ಕಷ್ಟ ಅಂತ ಸಂಜೆ ಟ್ಯೂಷನ್‌ಗೆ ಸೇರಿಸಿದ್ದರು. ಫೀಸು ಚಿಕ್ಕಪ್ಪನೇ ಕಟ್ಟಿದ್ದರು, ಅದನ್ನು ನಾನು ಮುಚ್ಚಿಡಲ್ಲ. ನಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಚಿಕ್ಕಮ್ಮ ಬಾಗಿಲಿಗೆ ಬರುತ್ತಿದ್ದರು. ಒಂದು ಕೈಯಲ್ಲಿ ಮಗು. ಇನ್ನೊಂದು ಕೈಯಲ್ಲಿ ಓಲೆಯ ತಿರುಪು ತಿರುಗಿಸುತ್ತಾ, ‘ಇವತ್ತೊಂದಿನ ಬಿಡೇ, ನಾಮಕರಣಕ್ಕೆ ಹೋಗಿ ಬಂದ್ಬಿಡ್ತೀವಿ’ ಅನ್ನೋರು. ಮಗು ಆಗಲೇ ನನ್ನ ಕಡೆ ಕೈ ಚಾಚಿರುತ್ತಿತ್ತು. ಪುಸ್ತಕ ಕಿಟಕಿಯ ಮೇಲೆ ಹೋಗುತ್ತಿತ್ತು, ಮಗು ಸೊಂಟದ ಮೇಲೆ ಬರುತ್ತಿತ್ತು. ಆ ಒಂದು ದಿನ ಮುಗಿಯಲೇ ಇಲ್ಲ.

ದೀಪಾವಳಿಗೆ ರೇಷ್ಮೆ ಲಂಗ ಕೊಡಿಸಿದರು. ಹುಷಾರು ತಪ್ಪಿದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೀಗಿರುವಾಗ ಬಾಯಿ ಬಿಟ್ಟು ಏನಂತ ಹೇಳೋದು? ಅಮ್ಮನಿಗೆ ಒಮ್ಮೆ ಹೇಳಿದೆ. ‘ಹೇಳ್ಕೋಬೇಡ, ಸಂಬಂಧ ಕೆಡುತ್ತೆ’ ಅಂದಳು.

ಇಂಗ್ಲಿಷಿನಲ್ಲಿ ಫೇಲಾದೆ. ‘ಪಾಪ, ಅವಳಿಗೆ ಓದು ತಲೆಗೆ ಹತ್ತಲಿಲ್ಲ’ ಅಂತ ಚಿಕ್ಕಮ್ಮ ನೆಂಟರಿಗೆಲ್ಲ ಹೇಳಿದರು. ಅಪ್ಪ ನನ್ನನ್ನು ಕರೆದುಕೊಂಡು ಹೋಗೋಕೆ ಬಂದಾಗ ಒಂದು ಚೀಲ ತೆಂಗಿನಕಾಯಿ ತಂದಿದ್ದ. ಅದನ್ನು ಅವರ ಹಜಾರದಲ್ಲಿಟ್ಟು, ಕೈ ಮುಗಿದು, ‘ನಿಮ್ಮ ಕೈಲಾದ್ದು ನೀವು ಮಾಡಿದ್ರಿ’ ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಉರಿ ಇವತ್ತಿಗೂ ಆರಿಲ್ಲ.

ನನ್ನ ಸೊಂಟದ ಮೇಲಿದ್ದ ಆ ಹುಡುಗ ಈಗ ದೊಡ್ಡ ಕೆಲಸದಲ್ಲಿದ್ದಾನೆ. ಎಲ್ಲೇ ಕಂಡರೂ ‘ಅಕ್ಕಾ’ ಅಂತ ಓಡಿ ಬರ್ತಾನೆ. ಅವನ ಮೇಲೆ ನನಗಿರುವ ಪ್ರೀತಿ ಸುಳ್ಳಲ್ಲ. ಆ ಪ್ರೀತಿಯನ್ನೇ ಹಗ್ಗ ಮಾಡಿ ನನ್ನನ್ನು ಕಟ್ಟಿ ಹಾಕಿದ್ದೂ ಸುಳ್ಳಲ್ಲ.

ಮಗೂ, ನಿನಗೂ ನನಗೂ ಒಂದು ವ್ಯತ್ಯಾಸ ಇದೆ. ನನ್ನ ಹತ್ತಿರ ಕಾಗದ ಇರಲಿಲ್ಲ. ಎಷ್ಟು ಗಂಟೆ ಅಂತ ಕೇಳಿದ್ದರೆ ಎಲ್ಲರೂ ನಗುತ್ತಿದ್ದರು. ನಿನ್ನ ಹತ್ತಿರ ಗಂಟೆ ಬರೆದಿರುವ, ಅವರೇ ಸಹಿ ಹಾಕಿರುವ ಕಾಗದ ಇದೆ. ಕೋಟು ಕೊಡಿಸಿದ್ದಕ್ಕೆ ಥ್ಯಾಂಕ್ಸ್ ಹೇಳು. ಅದನ್ನೇ ಹಾಕಿಕೊಂಡು ಕ್ಲಾಸಿಗೆ ಹೊರಡು.

— ಹೆಸರು ಬೇಡ, ತಿಪಟೂರು

*

ಸಾಲದ ಬಗ್ಗೆ ಬರೆದವರು ಒಬ್ಬರೇ. ಚುಟುಕಾಗಿದ್ದರೂ ಮುಖ್ಯವಾದ ಮಾತು.

*

280 ಯೂರೋ ರೂಪಾಯಿಗೆ ತಿರುಗಿಸಿದರೆ ದೊಡ್ಡದಾಗಿ ಕಾಣುತ್ತೆ. ಆದರೆ ಅದು ಸಂಬಳ ಅಲ್ಲ, ಕೈಖರ್ಚು. ಅಲ್ಲಿ ಬಸ್ಸು, ಫೋನು, ಒಂದು ಕಾಫಿ ಅಂತ ಕರಗಿಹೋಗುತ್ತೆ. ನೀವು ಇನ್ನೂ ನಾಲ್ಕು ತಿಂಗಳು ಬಚ್ಚಲು ತಿಕ್ಕಿದರೂ ಆ ಸಾಲ ತೀರಲ್ಲ. ಸಾಲ ತೀರಿಸೋದು ಮುಂದೆ ಸಿಗುವ ಕೆಲಸ, ಆ ಕೆಲಸ ಸಿಗೋದು ಭಾಷೆಯಿಂದ. ತಂದೆಗೆ ಈಗಲೇ ಫೋನ್ ಮಾಡಿ ನಿಜ ಹೇಳಿ. ಕಂತಿನ ಅವಧಿ ಹೆಚ್ಚಿಸಿ ಎಂದು ಅವರು ಬ್ಯಾಂಕಿನಲ್ಲಿ ಕೇಳಬಹುದು.

— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

*

ಪತ್ರದಲ್ಲಿ ಊಟದ ವಿಷಯವೇ ಇಲ್ಲವಲ್ಲ! ಅಲ್ಲಿ ರಾತ್ರಿ ಒಲೆ ಹಚ್ಚದೆ ಬ್ರೆಡ್ಡು, ಚೀಸು ತಿಂದು ಮಲಗುತ್ತಾರಂತೆ. ಗೊಜ್ಜವಲಕ್ಕಿ ಮಾಡಿಕೊಳ್ಳಮ್ಮ. ಗಟ್ಟಿ ಅವಲಕ್ಕಿ ತರಿತರಿ ಪುಡಿ ಮಾಡಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಕಲಸಿದ ನೀರಲ್ಲಿ ನೆನೆಸಿ, ಸಾಸಿವೆ, ಕಡಲೆಬೀಜದ ಒಗ್ಗರಣೆ ಕೊಟ್ಟರೆ ಆಯಿತು. ಹೊಟ್ಟೆ ತುಂಬಿದ್ದರೆ ಮಾತಾಡೋಕೂ ಧೈರ್ಯ ಬರುತ್ತೆ. ಮತ್ತೆ, ನನ್ನ ಮೊಮ್ಮಗಳೂ ಹೋಗ್ತೀನಿ ಅಂತ ಕುಣೀತಿದ್ದಾಳೆ. ಯಾವ ವಯಸ್ಸಿನವರೆಗೆ ಹೋಗಬಹುದು?

— ಅಜ್ಜಿ, ಶಿವಮೊಗ್ಗ

*

ಅಜ್ಜಿಯ ಪ್ರಶ್ನೆಗೆ ಉತ್ತರ: 18 ತುಂಬಿರಬೇಕು, ವೀಸಾಕ್ಕೆ ಅರ್ಜಿ ಹಾಕುವಾಗ 27 ಆಗಿರಬಾರದು. ಜರ್ಮನ್‌ನಲ್ಲಿ ಎ1, ಅಂದರೆ ಆರಂಭದ ಮಟ್ಟ ಬೇಕು, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಪರೀಕ್ಷೆ ಬರೆಯಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಮೊಮ್ಮಗಳು ಬ್ರೆಮೆನ್ ಓದುಗಿಯ ಪತ್ರವನ್ನು ಇನ್ನೊಮ್ಮೆ ಓದಲಿ.

ಹಾಗಾದರೆ ಮಾತಾಡುವುದು ಹೇಗೆ? ಅಲ್ಲೇ ಇರುವವರೊಬ್ಬರು ಬರೆದಿದ್ದಾರೆ.

*

ನಾನು ಮ್ಯೂನಿಕ್‌ನಲ್ಲಿದ್ದೇನೆ, ಎರಡು ಮಕ್ಕಳ ತಾಯಿ. ಪತ್ರ ಓದಿದ ಕೂಡಲೇ ‘ನಮ್ಮ ಮನೆಗೇ ಬಂದುಬಿಡು’ ಅನ್ನಬೇಕು ಅನ್ನಿಸಿತು. ಆದರೆ ನಿಯಮ ಬಿಡಲ್ಲ. ಓ ಪೇರ್ ಬರುವ ಮನೆಯಲ್ಲಿ ಜರ್ಮನ್ ಮಾತಾಡಬೇಕು, ನಿನ್ನ ದೇಶದವರದೇ ಮನೆ ಆಗಿರಬಾರದು. ನೀನು ಇಲ್ಲಿಗೆ ಬಂದಿದ್ದೇ ಭಾಷೆಗೆ, ಹಾಗಾಗಿ ಆ ನಿಯಮ ಸರಿಯಾದದ್ದೇ.

ನಾವು ಬೆಳೆದ ರೀತಿ ಹೇಗೆ ಅಂದರೆ, ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಅಂತ ಕಾಯ್ತೀವಿ. ಇಲ್ಲಿನವರು ಮುಖ ನೋಡಲ್ಲ, ಮಾತು ಕೇಳ್ತಾರೆ. ‘ಆಗುತ್ತಾ?’ ಅಂದಾಗ ನೀನು ‘ಯಾ’ ಅಂದರೆ ಆಗುತ್ತೆ ಅಂತಲೇ ಲೆಕ್ಕ. ನೇರವಾಗಿ ಹೇಳಿದರೆ ಇಲ್ಲಿ ಅವಮಾನ ಅಂತ ಯಾರೂ ತಿಳಿಯಲ್ಲ. ಒಂದು ವಾರ ಪ್ರತಿ ದಿನದ ಗಂಟೆ ಬರೆದಿಡು. ಆಮೇಲೆ, ಭಾನುವಾರ ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಮಾತಾಡಬೇಕು ಅಂತ ಮುಂಚೆಯೇ ಸಮಯ ಕೇಳು. ಪಾತ್ರೆ ತೊಳೆಯುತ್ತಾ ಹೇಳಬೇಡ. ಕೂತು ಹೇಳು: ‘ಒಪ್ಪಂದದಲ್ಲಿ 30 ಗಂಟೆ ಇದೆ, ಈ ವಾರ ಇಷ್ಟಾಯಿತು. ಮಂಗಳವಾರ, ಗುರುವಾರ ನನಗೆ ತರಗತಿ. ಆ ಸಂಜೆಗಳಿಗೆ ನೀವು ಬೇರೆ ವ್ಯವಸ್ಥೆ ಮಾಡಿಕೊಳ್ಳಿ.’ ಬರೆದಿಟ್ಟ ಹಾಳೆ ಅವರ ಮುಂದಿಡು. ಅಳು ಬಂದರೆ ಬರಲಿ, ಹಾಳೆ ಹಿಂದಕ್ಕೆ ತಗೋಬೇಡ.

ಒಂದೆರಡು ವಾರದಲ್ಲಿ ಏನೂ ಬದಲಾಗದಿದ್ದರೆ ಮನೆ ಬದಲಾಯಿಸು. ಓ ಪೇರ್ ಅವಕಾಶ ಇಲ್ಲಿ ಜೀವನದಲ್ಲಿ ಒಂದೇ ಸಲ. ಅರ್ಧಕ್ಕೆ ಬಿಟ್ಟು ಹೋದರೆ ಮತ್ತೆ ಇದೇ ವೀಸಾ ಕೊಡಲ್ಲ. ಉಳಿದ ತಿಂಗಳಲ್ಲಿ ಜರ್ಮನ್ ಸುಧಾರಿಸಿಕೊಂಡರೆ ಆಮೇಲೆ ಒಂದು ವರ್ಷದ ಸ್ವಯಂಸೇವೆಗೋ, ನರ್ಸಿಂಗ್‌ನಂಥ ವೃತ್ತಿ ತರಬೇತಿಗೋ ಅರ್ಜಿ ಹಾಕಬಹುದು. ಆ ತರಬೇತಿಗಳಲ್ಲಿ ಕಲಿಯುವಾಗಲೇ ಹಣ ಕೊಡ್ತಾರೆ, ಆದರೆ ಭಾಷೆಯಲ್ಲಿ ಎ1ಗಿಂತ ಮೇಲಿನ ಬಿ1, ಬಿ2 ಮಟ್ಟ ಕೇಳ್ತಾರೆ. ನಿನ್ನ ತಪ್ಪಿದ ತರಗತಿಗಳ ಬೆಲೆ ಇದು.

— ಮ್ಯೂನಿಕ್‌ನಿಂದ

*

ಆ ಪುಟ್ಟ ಹುಡುಗಿಯ ಬಗ್ಗೆ ಯೋಚಿಸಿ ಬರೆದವರು ಇವರೊಬ್ಬರು.

*

ಅಂಗನವಾಡಿಯಲ್ಲಿ ಮೂರು ವರ್ಷದ ಮಕ್ಕಳ ಜೊತೆಯಲ್ಲೇ ನನ್ನ ದಿನ ಕಳೆಯುತ್ತೆ. ಮನೆ ಬಿಡೋದಾದರೆ ಮಗು ಮಲಗಿದ್ದಾಗ ಹೋಗಬೇಡಿ. ‘ನಾಳೆ ಬರ್ತೀನಿ’ ಅಂತ ಸುಳ್ಳೂ ಬೇಡ. ಹಗಲಲ್ಲಿ, ಅವಳಮ್ಮನ ಎದುರೇ ಹೇಳಿ. ಈಗಿನಿಂದಲೇ ಎರಡು ರಾತ್ರಿಗೊಮ್ಮೆ ಅಮ್ಮನೋ ಅಪ್ಪನೋ ಮಲಗಿಸಲಿ. ನೀವು ಅಲ್ಲೇ ಉಳಿದರೂ ಇದನ್ನು ಮಾಡಿ, ಹೇಗೂ ನಾಲ್ಕು ತಿಂಗಳಿಗೆ ನೀವು ಹೊರಡಲೇಬೇಕಲ್ಲ. ಅಳುತ್ತಾಳೆ. ಅಳುವ ಮಗುವನ್ನು ಎತ್ತಿಕೊಳ್ಳೋಕೆ ಅವಳಿಗೆ ಅಪ್ಪ ಅಮ್ಮ ಇದ್ದಾರೆ.

— ಅಂಗನವಾಡಿ ಕಾರ್ಯಕರ್ತೆ, ಚಾಮರಾಜನಗರ

*

ಎಲ್ಲ ಪತ್ರಗಳನ್ನೂ ಪೂರ್ತಿಯಾಗಿ ಓದುಗಿಗೆ ಕಳಿಸಿದ್ದೇವೆ. ಬ್ರೆಮೆನ್ ಮತ್ತು ಮ್ಯೂನಿಕ್ ಓದುಗಿಯರು ತಮ್ಮ ಫೋನ್ ನಂಬರ್ ಕೊಡಲು ಒಪ್ಪಿದ್ದಾರೆ, ಅವನ್ನೂ ತಲುಪಿಸಿದ್ದೇವೆ. ತಂದೆಗೆ ವಿಷಯ ಹೇಳಲು ಸಂಕೋಚವಾದರೆ ನಮಗೆ ಬರೆಯಿರಿ. ಹಾಸನದಲ್ಲಿರುವ ನಮ್ಮ ಓದುಗರೊಬ್ಬರು ಅವರ ಮನೆಗೆ ಹೋಗಿ ಮಾತಾಡಿ ಬರುತ್ತೇನೆ ಎಂದಿದ್ದಾರೆ.